504ಬಿ ಬೋರ್‌ಹೋಲ್: ಕೋರ್ ಬಿಗಿ, ನೆಲ ಸಡಿಲ

ಪೆಸಿಫಿಕ್ ಸಾಗರದ ಪೂರ್ವ ಭಾಗದಲ್ಲಿ, ಭೂಮಧ್ಯರೇಖೆಯ ಹತ್ತಿರ, ಕೋಸ್ಟಾ ರೀಕಾ ರಿಫ್ಟ್ ಎಂಬ ಜಾಗವಿದೆ. ಅಲ್ಲಿ ಸಾಗರದ ತಳ ಎರಡು ಕಡೆಗೆ ಸರಿಯುತ್ತದೆ, ನಡುವಿನಿಂದ ಲಾವಾ ಮೇಲೆದ್ದು ಹೊಸ ನೆಲವಾಗುತ್ತದೆ. ಅದರಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, 1979ರಲ್ಲಿ, ಗ್ಲೋಮರ್ ಚಾಲೆಂಜರ್ ಎಂಬ ಹಡಗು ಒಂದು ಬೋರ್‌ಹೋಲ್ ಕೊರೆಯಲು ಶುರು ಮಾಡಿತು. ಅದರ ಹೆಸರು 504ಬಿ. ಮೇಲೆ ಸುಮಾರು 3,460 ಮೀಟರ್ ನೀರು. ಅದರ ಕೆಳಗೆ 274.5 ಮೀಟರ್ ಹೂಳು. ಆಮೇಲೆ ಬಸಾಲ್ಟ್, ಅಂದರೆ ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲು, ಅದೂ 60ರಿಂದ 70 ಲಕ್ಷ ವರ್ಷ ಹಳೆಯದು. ಹಡಗುಗಳು ಮತ್ತೆ ಮತ್ತೆ ಇದೇ ಬೋರ್‌ಹೋಲ್‌ಗೆ ವಾಪಸ್ ಬಂದವು. 1993ರ ಹೊತ್ತಿಗೆ ಅದು ಸಾಗರ ತಳದಿಂದ 2,111 ಮೀಟರ್ ಆಳಕ್ಕೆ ಹೋಗಿತ್ತು.

ಜ್ವಾಲಾಮುಖಿ ಕಲ್ಲಿನ ಪರ್ಮಿಯಬಿಲಿಟಿ, ಅಂದರೆ ಕಲ್ಲು ತನ್ನೊಳಗೆ ನೀರನ್ನು ಎಷ್ಟು ಸುಲಭವಾಗಿ ಹಾಯಲು ಬಿಡುತ್ತದೆ ಎಂಬುದನ್ನು ಅಳೆಯುವವರಿಗೆ ಈ ಬೋರ್‌ಹೋಲ್ ತುಂಬ ಮುಖ್ಯ. ಯಾಕಂದ್ರೆ ಇಲ್ಲಿ ಒಂದೇ ಕಲ್ಲನ್ನು ಎರಡು ಥರ ಅಳೆದಿದ್ದಾರೆ. ಕೊರೆಯುವಾಗ ಪೈಪಿನೊಳಗೆ ಉಳಿದು ಮೇಲೆ ಬಂದ ಕಲ್ಲಿನ ಕಂಬದ, ಅಂದರೆ ಕೋರ್‌ನ, ಚೂರುಗಳನ್ನು ಲ್ಯಾಬ್‌ನಲ್ಲಿ ಅಳೆದರು. ಬೋರ್‌ಹೋಲ್ ಒಳಗೇ ಉಪಕರಣ ಇಳಿಸಿ, ನೆಲ ನೀರು ಕುಡಿಯುವ ವೇಗವನ್ನೂ ಅಳೆದರು. ಎರಡು ಉತ್ತರಗಳು ಒಂದಕ್ಕೊಂದು ಹತ್ತಿರವೂ ಬರಲಿಲ್ಲ.

ಸಾಗರ ತಳದ ಬಸಾಲ್ಟ್ ಕೋರ್‌ಗಳು ಲ್ಯಾಬ್‌ನಲ್ಲಿ ಸಾಮಾನ್ಯವಾಗಿ 10⁻¹⁷ರಿಂದ 10⁻²² ಚದರ ಮೀಟರ್ ತೋರಿಸುತ್ತವೆ. 504ಬಿಯ ಮೇಲ್ಭಾಗದ ಲಾವಾ ಪದರ, ಅಲ್ಲೇ ನಿಂತು ಅಳೆದಾಗ, 10⁻¹⁴ ಚದರ ಮೀಟರ್ ಮತ್ತು ಅದಕ್ಕಿಂತ ಜಾಸ್ತಿ ತೋರಿಸಿತು. ಕೋರ್‌ನ ಅತಿ ಒಳ್ಳೆಯ ಅಂಕಿ ಹಿಡಿದರೂ ಸಾವಿರ ಪಟ್ಟು ವ್ಯತ್ಯಾಸ. ಇಷ್ಟು ದೊಡ್ಡ ಅಂತರ ಕಂಡಾಗ ಮೊದಲು ಬರುವ ಅನುಮಾನ, ಯಾರೋ ಒಬ್ಬರು ತಪ್ಪು ಅಳೆದಿದ್ದಾರೆ ಅಂತ, ಅಲ್ವಾ? ಈ ಪ್ರಕರಣದಲ್ಲಿ ಹಾಗಲ್ಲ. ಎರಡೂ ಸರಿಯೇ. ಅದು ಹೇಗೆ ಸಾಧ್ಯ ಎಂಬುದನ್ನು ನಿಧಾನವಾಗಿ ನೋಡೋಣ.

ಕೋರ್ ಅಳೆಯುವ ಕೆಲಸ

ಮೊದಲು ಅಳತೆಯ ಮಾನ. 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಕಂಬದ ಮೂಲಕ ನೀರು ಹರಿಸಿ ತನ್ನ ನಿಯಮ ಪ್ರಕಟಿಸಿದರು. ಹರಿವು ಒತ್ತಡದ ವ್ಯತ್ಯಾಸಕ್ಕೆ ಸರಿಯಾಗಿ ಏರುತ್ತದೆ, ದೂರ ಹೆಚ್ಚಾದಂತೆ ಇಳಿಯುತ್ತದೆ. ಹರಿಯುವ ದ್ರವದ ಜಿಗುಟುತನವನ್ನು ಲೆಕ್ಕದಿಂದ ಬೇರೆ ಮಾಡಿದರೆ ಉಳಿಯುವುದು ಕಲ್ಲಿನ ಸ್ವಂತ ಗುಣ. ಅದೇ ಪರ್ಮಿಯಬಿಲಿಟಿ. ಒಂದು ಡಾರ್ಸಿ ಅಂದರೆ ಸುಮಾರು 10⁻¹² ಚದರ ಮೀಟರ್. ಹಾಗಾಗಿ 10⁻¹⁴ ಅಂದರೆ 10 ಮಿಲಿಡಾರ್ಸಿ. 10⁻¹⁸ ಅಂದರೆ ಒಂದು ಮಿಲಿಡಾರ್ಸಿಯ ಸಾವಿರದಲ್ಲೊಂದು ಭಾಗ.

ಕೋರ್‌ನಿಂದ ಸಣ್ಣ ಸಿಲಿಂಡರ್ ಆಕಾರದ ಪ್ಲಗ್ ಕೊರೆಯುತ್ತಾರೆ. 25 ಮಿಲಿಮೀಟರ್ ವ್ಯಾಸ ತುಂಬ ಬಳಕೆಯಲ್ಲಿದೆ. ಎರಡು ತುದಿಗಳನ್ನು ಸಮತಟ್ಟಾಗಿ ಉಜ್ಜಿ, ಒಣಗಿಸಿ, ರಬ್ಬರ್ ಕವಚದೊಳಗೆ ಕೂರಿಸಿ, ಸುತ್ತಲಿಂದ ಎಣ್ಣೆ ಅಥವಾ ನೀರಿನ ಒತ್ತಡ ಕೊಡುತ್ತಾರೆ. ಆಮೇಲೆ ಒಂದು ತುದಿಯಿಂದ ಅನಿಲ ಅಥವಾ ನೀರು ಬಿಡುತ್ತಾರೆ. ಓದಲು ಇಷ್ಟೇ. ಆದರೆ ಜ್ವಾಲಾಮುಖಿ ಕಲ್ಲಿನ ವಿಷಯದಲ್ಲಿ ಇದರ ಪ್ರತಿ ಹೆಜ್ಜೆಯಲ್ಲೂ ಒಂದು ತೊಡಕಿದೆ. ಮರಳುಗಲ್ಲಿನಲ್ಲಿ ಪಳಗಿದ ಕೈಗಳೂ ಇಲ್ಲಿ ಎಡವುತ್ತವೆ.

ಒಣಗಿಸುವುದನ್ನೇ ನೋಡಿ. ಸಾಗರದಡಿಯ ಬಸಾಲ್ಟ್‌ನಲ್ಲಿ ಲಕ್ಷಾಂತರ ವರ್ಷ ನೀರು ಓಡಾಡಿರುತ್ತದೆ. ಅದರ ಗುಳ್ಳೆಗಳಲ್ಲಿ, ಬಿರುಕುಗಳಲ್ಲಿ ಜೇಡಿ ಖನಿಜಗಳು ಕೂತಿರುತ್ತವೆ. 504ಬಿಯ ಮೇಲಿನ ಲಾವಾದಲ್ಲಿ ಸಪೋನೈಟ್ ಎಂಬ ಜೇಡಿ ಧಾರಾಳವಾಗಿದೆ. ಇದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಓವನ್ ಅನ್ನು 105 ಡಿಗ್ರಿಗೆ ಇಟ್ಟು ರಾತ್ರಿಯಿಡೀ ಬಿಟ್ಟರೆ ಜೇಡಿ ಕುಗ್ಗಿ, ಮೊದಲಿಲ್ಲದ ಸಂದುಗಳು ಹುಟ್ಟಿಕೊಳ್ಳುತ್ತವೆ. ಆಗ ಅಳತೆಗೆ ಸಿಗುವುದು ಒಲೆಯಲ್ಲಿ ಬೆಂದ ಕಲ್ಲು, ಸಾಗರದ ಕಲ್ಲಲ್ಲ. ಆದ್ದರಿಂದ ಕಡಿಮೆ ಬಿಸಿ, ಹೆಚ್ಚು ಕಾಲ. ಸಾಧ್ಯವಾದರೆ ಕೋರ್ ಹೊರಗೆ ಬಂದಾಗಿನಿಂದ ಒಣಗಲು ಬಿಡದೆ, ಉಪ್ಪುನೀರಿನಿಂದಲೇ ಅಳೆಯುವುದು ಇನ್ನೂ ಒಳ್ಳೆಯದು. ಅದಕ್ಕೆ ತಾಳ್ಮೆ ಬೇಕು. ಆದರೆ ಇಂಥ ಕಲ್ಲಿಗೆ ಆ ತಾಳ್ಮೆ ವ್ಯರ್ಥವಲ್ಲ.

ಎರಡನೇ ತೊಡಕು ಗುಳ್ಳೆಗಳು. ಲಾವಾ ತಣ್ಣಗಾಗುವಾಗ ಅನಿಲ ಬಿಟ್ಟುಹೋದ ಗುಳ್ಳೆಗಳನ್ನು ಪ್ಲಗ್ ಕೊರೆಯುವ ಬ್ಲೇಡ್ ಪಕ್ಕದಲ್ಲಿ ಸೀಳುತ್ತದೆ. ಪ್ಲಗ್‌ನ ಮೈ ತುಂಬ ಕುಳಿಗಳಾಗುತ್ತವೆ. ರಬ್ಬರ್ ಕವಚ ಆ ಕುಳಿಗಳೊಳಗೆ ಪೂರ್ತಿ ಇಳಿಯದಿದ್ದರೆ, ಅನಿಲ ಕಲ್ಲಿನ ಮೂಲಕ ಹೋಗುವ ಬದಲು ಕಲ್ಲಿಗೂ ಕವಚಕ್ಕೂ ನಡುವೆ ನುಸುಳಿ ಆಚೆ ತಲುಪುತ್ತದೆ. ಇದನ್ನು ಕಂಡುಹಿಡಿಯುವ ದಾರಿ ಸುಲಭ. ಸುತ್ತಲಿನ ಒತ್ತಡ ಹಂತ ಹಂತವಾಗಿ ಏರಿಸಿ. ಶುರುವಿನಲ್ಲಿ ಪರ್ಮಿಯಬಿಲಿಟಿ ಧಡಕ್ಕನೆ ಬಿದ್ದು ಆಮೇಲೆ ನಿಂತುಬಿಟ್ಟರೆ, ಮೊದಲ ಅಂಕಿಗಳ ಮೇಲೆ ಕವಚದ ಸೋರಿಕೆಯ ಅನುಮಾನ ಪಡಬೇಕು. ಆದರೆ ನಿಜವಾದ ಸೂಕ್ಷ್ಮ ಬಿರುಕು ಮುಚ್ಚಿಕೊಂಡರೂ ಹೀಗೇ ಕಾಣಬಹುದು. ಹಾಗಾಗಿ ಒಂದು ಸಲ ಪ್ಲಗ್‌ನ ಪಕ್ಕಕ್ಕೆ ತೆಳುವಾಗಿ ಎಪಾಕ್ಸಿ ಅಂಟು ಹಚ್ಚಿ ಮತ್ತೆ ಅಳೆಯದೆ ತೀರ್ಪು ಕೊಡಬಾರದು.

ಮೂರನೆಯದು ಒತ್ತಡ ಎಷ್ಟು ಕೊಡಬೇಕು ಎಂಬುದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬ ಕಾಣುತ್ತದೆ. ಮೇಲೆ ಮೂರೂವರೆ ಕಿಲೋಮೀಟರ್ ನೀರಿದೆ, ಅದರ ಭಾರವೇ ಸುಮಾರು 350 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಆದ್ದರಿಂದ ಅಷ್ಟು ಒತ್ತಡ ಕೊಡಬೇಕು ಅಂತ ಅನಿಸುತ್ತದೆ. ಆದರೆ ಆ ನೀರಿನ ಒತ್ತಡ ಕಲ್ಲಿನ ಹೊರಗೆ ಇದ್ದಷ್ಟೇ ಅದರ ಸಂದುಗಳ ಒಳಗೂ ಇದೆ. ಒಳಗಿನದು ಹೊರಗಿನದನ್ನು ಎದುರಿಸಿ ನಿಲ್ಲುತ್ತದೆ. ಬಿರುಕು ಮುಚ್ಚಿಸುವುದು ಎರಡರ ವ್ಯತ್ಯಾಸ ಮಾತ್ರ. ಅಂದರೆ ಮೇಲಿನ ಹೂಳು ಮತ್ತು ಕಲ್ಲಿನ ಭಾರದಿಂದ ಅಷ್ಟೇ ಗಾತ್ರದ ನೀರಿನ ಭಾರ ಕಳೆದರೆ ಉಳಿಯುವುದು. ಸ್ಥೂಲವಾಗಿ ಲೆಕ್ಕ ಹಾಕಿದರೆ, ಬಸಾಲ್ಟ್ ಶುರುವಾಗಿ 200 ಮೀಟರ್ ಕೆಳಗೆ ಅದು 50 ಬಾರ್ ಆಸುಪಾಸು. ಬೋರ್‌ಹೋಲ್‌ನ ತಳದಲ್ಲಿ 300 ಬಾರ್ ದಾಟುತ್ತದೆ. ಮೇಲಿನ ಲಾವಾದ ಪ್ಲಗ್‌ಗೆ 350 ಬಾರ್ ಕೊಟ್ಟು ಹಿಂಡಿದರೆ, ನೆಲದಲ್ಲಿ ತೆರೆದೇ ಇದ್ದ ಸಂದುಗಳು ಲ್ಯಾಬ್‌ನಲ್ಲಿ ಮುಚ್ಚಿಹೋಗುತ್ತವೆ. ಇದಕ್ಕೆ ಉಲ್ಟಾ, ಸುಮ್ನೆ ಗಾಳಿಯ ಒತ್ತಡದಲ್ಲೇ ಅಳೆದರೂ ತಪ್ಪೇ. ಆಳದಿಂದ ಮೇಲೆ ಬಂದ ಕಲ್ಲಿನ ಮೇಲಿನ ಭಾರ ಇಳಿದು, ಅದರೊಳಗೆ ಹೊಸ ಕೂದಲೆಳೆ ಬಿರುಕುಗಳು ತೆರೆದಿರುತ್ತವೆ.

ಅನಿಲದಿಂದ ಅಳೆದರೆ ಇನ್ನೊಂದು ತಿದ್ದುಪಡಿ ಬೇಕು. ಸಣ್ಣ ಸಂದುಗಳಲ್ಲಿ ಅನಿಲದ ಕಣಗಳು ಗೋಡೆಗೆ ಅಂಟಿಕೊಳ್ಳದೆ ಜಾರುತ್ತವೆ, ಹಾಗಾಗಿ ಪರ್ಮಿಯಬಿಲಿಟಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. 1941ರಲ್ಲಿ ಕ್ಲಿಂಕೆನ್‌ಬರ್ಗ್ ಇದನ್ನು ವಿವರಿಸಿದರು. ಬೇರೆ ಬೇರೆ ಸರಾಸರಿ ಒತ್ತಡದಲ್ಲಿ ಅಳೆದು, ಒತ್ತಡದ ವಿಲೋಮದ ಎದುರು ಗ್ರಾಫ್ ಎಳೆದು, ಗೆರೆಯನ್ನು ಸೊನ್ನೆಯವರೆಗೆ ಮುಂದುವರಿಸಿದರೆ ದ್ರವದ ಅಂಕಿ ಸಿಗುತ್ತದೆ. ಬಿಗಿಯಾದ ಬಸಾಲ್ಟ್‌ನಲ್ಲಿ ಈ ತಿದ್ದುಪಡಿ ಬಿಟ್ಟರೆ ಉತ್ತರವೇ ಕೆಲವು ಪಟ್ಟು ಹಿಗ್ಗಬಹುದು.

ಬಿಗಿ ಕಲ್ಲಿನಲ್ಲಿ ನಿರಂತರ ಹರಿವು ಅಳೆಯಲು ಕೂತರೆ ಕೆಲಸ ಮುಗಿಯುವುದೇ ಇಲ್ಲ. ಅದಕ್ಕೆ 1968ರಲ್ಲಿ ಬ್ರೇಸ್, ವಾಲ್ಷ್ ಮತ್ತು ಫ್ರಾಂಗೋಸ್ ಗ್ರಾನೈಟ್ ಮೇಲೆ ತೋರಿಸಿಕೊಟ್ಟ ಪಲ್ಸ್ ವಿಧಾನವಿದೆ. ಪ್ಲಗ್‌ನ ಎರಡೂ ತುದಿಗೆ ಸಣ್ಣ ಮುಚ್ಚಿದ ಕೋಣೆಗಳು. ಎರಡರಲ್ಲೂ ಒಂದೇ ಒತ್ತಡ. ಒಂದು ಕಡೆ ಸ್ವಲ್ಪ ಏರಿಸಿ, ಅದು ಇನ್ನೊಂದು ಕಡೆಗೆ ಇಳಿದು ಸಮವಾಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನೋಡುವುದು. ಇಳಿಯುವ ವೇಗದಿಂದ ಪರ್ಮಿಯಬಿಲಿಟಿ ಬರುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಈ ಹೊತ್ತಿನಲ್ಲಿ ಕೋಣೆಯ ಉಷ್ಣತೆ ಬದಲಾಗಕೂಡದು. 30 ಬಾರ್ ಅನಿಲ ಮುಚ್ಚಿಟ್ಟ ಜಾಗದಲ್ಲಿ ಒಂದು ಡಿಗ್ರಿ ಏರಿದರೆ ಒತ್ತಡ ಸುಮಾರು 0.1 ಬಾರ್ ಏರುತ್ತದೆ. ಪಲ್ಸ್ 2 ಬಾರ್ ಇದ್ದರೆ ಅದರ ಶೇ. 5 ಬರೀ ಹವಾಮಾನದಿಂದಲೇ ಬಂತು. ಕಲ್ಲಿನ ಬದಲು ಉಕ್ಕಿನ ಸಿಲಿಂಡರ್ ಇಟ್ಟು ಉಪಕರಣದ ಸ್ವಂತ ಸೋರಿಕೆ ಎಷ್ಟೆಂದು ನೋಡದೆ ಕೊಟ್ಟ 10⁻²⁰ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆ ತೆಗೆದುಕೊಂಡು ಬಂದ ಅಂಕಿ ಹತ್ತು ಪಟ್ಟು ಆಚೀಚೆ ಇರಬಹುದು. ಸಾವಿರ ಪಟ್ಟು ಅಲ್ಲ. ಆದ್ದರಿಂದ 504ಬಿಯ ಅಂತರಕ್ಕೆ ಕಾರಣ ಲ್ಯಾಬ್‌ನ ಮೇಜಿನ ಮೇಲೆ ಸಿಗುವುದಿಲ್ಲ.

ಬೋರ್‌ಹೋಲ್ ತಾನೇ ಹೇಳಿದ್ದು

ಕೊರೆದ ಮೇಲೆ ಒಳಗೆ ಥರ್ಮಾಮೀಟರ್ ಇಳಿಸಿದಾಗ ವಿಚಿತ್ರ ಕಂಡಿತು. ಹೂಳು ಮುಗಿದು ಬಸಾಲ್ಟ್ ಶುರುವಾಗುವಲ್ಲಿ ನೆಲದ ಸಹಜ ಬಿಸಿ ಸುಮಾರು 60 ಡಿಗ್ರಿ. ಆದರೆ ಬೋರ್‌ಹೋಲ್‌ನ ಒಳಗೆ ಆ ಆಳದಲ್ಲಿ ನೀರು ಅದಕ್ಕಿಂತ ಎಷ್ಟೋ ತಣ್ಣಗಿತ್ತು. ಸಾಗರದ ತಳದಲ್ಲಿ 2 ಡಿಗ್ರಿ ಆಸುಪಾಸು ಇರುವ ನೀರು ಬಾಯಿಯಿಂದ ಒಳಗೆ ಇಳಿಯುತ್ತಿತ್ತು. ಯಾರೂ ಪಂಪ್ ಮಾಡದೆ, ತಾನಾಗಿಯೇ, ಗಂಟೆಗೆ ಸಾವಿರಾರು ಲೀಟರ್. ಲಾವಾದ ಮೇಲಿನ ಸುಮಾರು 100 ಮೀಟರ್ ಅದನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಅಲ್ಲಿ ಕಲ್ಲಿನೊಳಗಿನ ನೀರಿನ ಒತ್ತಡ, ಬೋರ್‌ಹೋಲ್‌ನಲ್ಲಿ ನಿಂತ ತಣ್ಣನೆ ನೀರಿನ ಒತ್ತಡಕ್ಕಿಂತ ಹಲವು ಬಾರ್ ಕಡಿಮೆ ಇತ್ತು. ಹೂಳು ಒಂದು ಮುಚ್ಚಳದ ಥರ ಇಷ್ಟು ಕಾಲ ಆ ವ್ಯತ್ಯಾಸವನ್ನು ಹಿಡಿದಿಟ್ಟಿತ್ತು. ಬೋರ್ ಹೊಡೆದ ಕೂಡಲೇ ದಾರಿ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಈ ಹರಿವು ಕಡಿಮೆಯಾಗುತ್ತ ಹೋಯಿತು.

ಲ್ಯಾಬ್‌ನ 10⁻¹⁸ ಅಂಕಿಯ ಕಲ್ಲು ಹೀಗೆ ನೀರು ಕುಡಿಯಲು ಸಾಧ್ಯವೇ ಇಲ್ಲ. ಉಷ್ಣತೆಯ ಗ್ರಾಫ್ ಒಂದೇ ಸಾಕಿತ್ತು. ಆದರೂ ನೇರ ಅಳತೆ ಮಾಡಿದರು. ಪ್ಯಾಕರ್ ಎಂಬ ಉಪಕರಣವನ್ನು ಡ್ರಿಲ್ ಪೈಪಿನ ತುದಿಯಲ್ಲಿ ಇಳಿಸುತ್ತಾರೆ. ಅದು ಉಬ್ಬುವ ರಬ್ಬರ್ ಚೀಲ. ಬೇಕಾದ ಆಳದಲ್ಲಿ ಉಬ್ಬಿಸಿದರೆ ಬೋರ್‌ಹೋಲ್‌ನ ಗೋಡೆಗೆ ಒತ್ತಿ ಕೂತು ಮೇಲಿನದನ್ನೂ ಕೆಳಗಿನದನ್ನೂ ಬೇರೆ ಮಾಡುತ್ತದೆ. ಆಮೇಲೆ ಕೆಳಗಿನ ಭಾಗಕ್ಕೆ ನೀರು ತಳ್ಳಿ ಒತ್ತಡ ಏರಿಸಿ, ಅದು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುತ್ತಾರೆ. ಲ್ಯಾಬ್‌ನ ಪಲ್ಸ್ ವಿಧಾನದ ದೊಡ್ಡಣ್ಣ ಇದು. ವ್ಯತ್ಯಾಸ ಏನೆಂದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಒಂದು ಹಿಡಿಯ ಕಲ್ಲಲ್ಲ. ಬೋರ್‌ಹೋಲ್‌ನ ಉದ್ದಕ್ಕೂ ಹತ್ತಾರು, ನೂರಾರು ಮೀಟರ್ ಗೋಡೆ ಮತ್ತು ಅದರ ಹಿಂದಿನ ನೆಲ.

ಆಂಡರ್ಸನ್ ಮತ್ತು ಝೊಬ್ಯಾಕ್ 1982ರಲ್ಲಿ ಮೊದಲ ಅಳತೆಗಳನ್ನು ಪ್ರಕಟಿಸಿದರು. 1986ರಲ್ಲಿ ಜಾಯ್ಡೀಸ್ ರೆಸಲ್ಯೂಷನ್ ಹಡಗು ವಾಪಸ್ ಬಂದಾಗ ಇನ್ನಷ್ಟು ಆಳದಲ್ಲಿ ಅಳೆದರು. ಒಟ್ಟು ಚಿತ್ರ ಹೀಗಿದೆ. ಬಸಾಲ್ಟ್‌ನ ಮೇಲಿನ 100ರಿಂದ 200 ಮೀಟರ್‌ನಲ್ಲಿ 10⁻¹⁴ರಿಂದ 10⁻¹³. ಅಲ್ಲಿಂದ ಕೆಳಗೆ ಬೇಗ ಇಳಿಯುತ್ತ ಹೋಗಿ, ಆಳದ ಡೈಕ್‌ಗಳಲ್ಲಿ, ಅಂದರೆ ಲಾವಾ ಮೇಲೇರುವ ಬಿರುಕುಗಳಲ್ಲೇ ಗಟ್ಟಿಯಾದ ಕಲ್ಲಿನ ಗೋಡೆಗಳಲ್ಲಿ, 10⁻¹⁷.

ಪ್ಯಾಕರ್‌ಗೂ ಮಿತಿ ಇದೆ, ಅದನ್ನು ಮರೆಯಬಾರದು. ಒಂದೇ ಚೀಲದ ಪ್ಯಾಕರ್ ತಾನು ಕೂತ ಜಾಗದಿಂದ ತಳದವರೆಗಿನ ಎಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ. ನಡುವಿನ ಒಂದು ಪದರದ ಅಂಕಿ ಬೇಕೆಂದರೆ ಎರಡು ಆಳದಲ್ಲಿ ಕೂರಿಸಿ ಕಳೆಯಬೇಕು. ಸೋರುವ ಪದರ ಮೇಲಿದ್ದು ಬಿಗಿ ಪದರ ಕೆಳಗಿದ್ದರೆ ಈ ಕಳೆಯುವಿಕೆ ಚೆನ್ನಾಗಿ ನಡೆಯುತ್ತದೆ. 504ಬಿಯಲ್ಲಿ ಹಾಗೇ ಇತ್ತು. ಉಲ್ಟಾ ಇದ್ದಿದ್ದರೆ ಬಿಗಿ ಪದರದ ಅಂಕಿ ದೊಡ್ಡ ಸಂಖ್ಯೆಯ ಒಳಗೆ ಕಳೆದುಹೋಗುತ್ತಿತ್ತು.

ಅಂತರದ ಲೆಕ್ಕ

ಈಗ ಅಂತರಕ್ಕೆ ಬರೋಣ. ಸಮಾನಾಂತರ ಗೋಡೆಗಳಿರುವ ಒಂದು ಬಿರುಕಿನಲ್ಲಿ ಹರಿವು ಬಿರುಕಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅಗಲದ ಘನವನ್ನು 12ರಿಂದ ಭಾಗಿಸಿ, ಮತ್ತೆ ಬಿರುಕುಗಳ ನಡುವಿನ ದೂರದಿಂದ ಭಾಗಿಸಿದರೆ ಇಡೀ ನೆಲದ ಪರ್ಮಿಯಬಿಲಿಟಿ ಬರುತ್ತದೆ.

ಮೀಟರಿಗೆ ಒಂದು ಬಿರುಕು, ಅಗಲ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಅಂದರೆ 0.05 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 10⁻¹⁴ ಚದರ ಮೀಟರ್. ಉಳಿದ ಕಲ್ಲೆಲ್ಲ ಒಂದು ಹನಿಯನ್ನೂ ಬಿಡದ ಗಾಜಾಗಿದ್ದರೂ ಸರಿ, ಉತ್ತರ ಬದಲಾಗುವುದಿಲ್ಲ. ಅದೇ ಬಿರುಕು 0.005 ಮಿ.ಮೀ.ಗೆ ಕುಗ್ಗಿದರೆ ಉತ್ತರ 10⁻¹⁷ಕ್ಕೆ ಬೀಳುತ್ತದೆ. ಹತ್ತು ಪಟ್ಟು ತೆಳುವಾದರೆ ಸಾವಿರ ಪಟ್ಟು ಕಡಿಮೆ. 504ಬಿಯ ಮೇಲ್ಭಾಗಕ್ಕೂ ಡೈಕ್‌ಗಳಿಗೂ ಇರುವ ಅಂತರವೂ ಇಷ್ಟೇ. ಇದು ನನಗೆ ತುಂಬ ಇಷ್ಟವಾದ ಲೆಕ್ಕ. ನಿಜವಾದ ಬಿರುಕುಗಳು ಇಷ್ಟು ನೆಟ್ಟಗೆ ಇರುವುದಿಲ್ಲ, ಗೋಡೆಗಳು ಒರಟಾಗಿರುತ್ತವೆ, ಎಲ್ಲವೂ ಒಂದಕ್ಕೊಂದು ಸೇರಿರುವುದಿಲ್ಲ. ಆದರೂ ಎಷ್ಟು ಕಡಿಮೆ ಜಾಗ ಎಷ್ಟು ನೀರು ಸಾಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. 10⁻¹⁴ ಕೊಡುವ ಆ ಬಿರುಕು ಕಲ್ಲಿನ ಒಟ್ಟು ಗಾತ್ರದಲ್ಲಿ ಇಪ್ಪತ್ತು ಸಾವಿರದಲ್ಲೊಂದು ಭಾಗ ಮಾತ್ರ. ಸರಂಧ್ರತೆ, ಅಂದರೆ ಕಲ್ಲಿನಲ್ಲಿ ಖಾಲಿ ಜಾಗದ ಪಾಲು, ಅಳೆಯುವ ಯಾವ ಉಪಕರಣವೂ ಅದನ್ನು ಪ್ರತ್ಯೇಕವಾಗಿ ಕಾಣುವುದಿಲ್ಲ. ಎಷ್ಟು ಗುಳ್ಳೆ ಇದೆ ಅಂತ ನೋಡಿ ಪರ್ಮಿಯಬಿಲಿಟಿ ಊಹಿಸುವುದು ಜ್ವಾಲಾಮುಖಿ ಕಲ್ಲಿನಲ್ಲಿ ಯಾಕೆ ಇಷ್ಟು ಸಲ ಕೈಕೊಡುತ್ತದೆ ಎಂಬುದಕ್ಕೆ ಇಲ್ಲೇ ಉತ್ತರವಿದೆ.

ಈಗ 25 ಮಿಲಿಮೀಟರ್ ಪ್ಲಗ್ ನೆನಪಿಸಿಕೊಳ್ಳಿ. ಮೀಟರಿಗೊಂದು ಬಿರುಕು ಇರುವ ಕಲ್ಲಿನಲ್ಲಿ ಎಲ್ಲೋ ಒಂದು ಕಡೆ ಪ್ಲಗ್ ತೆಗೆದರೆ ಅದರಲ್ಲಿ ಬಿರುಕು ಸಿಗುವ ಸಾಧ್ಯತೆ ನೂರಕ್ಕೆ ಎರಡು ಮೂರು. ಅಕಸ್ಮಾತ್ ಸಿಕ್ಕಿತು ಅನ್ನಿ. ಆಗ ಪ್ಲಗ್ ಕೊರೆಯುವಾಗಲೇ ಎರಡು ತುಂಡಾಗುತ್ತದೆ. ಆ ತುಂಡು ಪಕ್ಕಕ್ಕೆ ಹೋಗುತ್ತದೆ, ಗಟ್ಟಿಯಾಗಿ ಉಳಿದದ್ದು ಯಂತ್ರಕ್ಕೆ ಹೋಗುತ್ತದೆ. ಇದು ಬಿರುಕು ಬಿಟ್ಟ ಮಡಕೆಯ ಒಂದು ಚೂರನ್ನು ಪರೀಕ್ಷಿಸಿ, ಮಡಕೆ ಸೋರುವುದಿಲ್ಲ ಎಂದ ಹಾಗೆ.

ಮೇಲೆ ಬಾರದೇ ಹೋದ ಕಲ್ಲು

ಪ್ಲಗ್‌ಗಿಂತ ಮೊದಲೇ ಇನ್ನೊಂದು ಜರಡಿ ಇದೆ. ಅದರ ಬಗ್ಗೆ ವರದಿಗಳಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಎಷ್ಟು ಮೀಟರ್ ಕೊರೆದರೆ ಎಷ್ಟು ಮೀಟರ್ ಕೋರ್ ಮೇಲೆ ಬಂತು ಎಂಬ ಲೆಕ್ಕ ಅದು. 504ಬಿಯ ಲಾವಾ ಭಾಗದಲ್ಲಿ ಬಂದದ್ದು ಸುಮಾರು ಶೇ. 30. ಆಳದ ಡೈಕ್‌ಗಳಲ್ಲಿ ಶೇ. 15ಕ್ಕಿಂತ ಕಡಿಮೆ. ಅಂದರೆ ಮುಕ್ಕಾಲು ಭಾಗಕ್ಕೂ ಹೆಚ್ಚು ಕಲ್ಲನ್ನು ಯಾರೂ ಕಣ್ಣಿನಿಂದ ನೋಡಿಲ್ಲ.

ಬಾರದ ಕಲ್ಲು ಎಂಥದ್ದು? ಇಲ್ಲಿನ ಮೇಲ್ಭಾಗದಲ್ಲಿ ಹೆಚ್ಚಾಗಿರುವುದು ಪಿಲ್ಲೋ ಲಾವಾ. ನೀರಿನಡಿ ಹರಿದ ಲಾವಾ ಉಂಡೆ ಉಂಡೆಯಾಗಿ ಒಂದರ ಮೇಲೊಂದು ಕೂತು ಗಟ್ಟಿಯಾದದ್ದು. ಉಂಡೆಯ ಒಳಭಾಗ ಗಟ್ಟಿ. ಹೊರಗೆ ಗಾಜಿನ ಸಿಪ್ಪೆ, ಅದು ಸುಲಭವಾಗಿ ಪುಡಿಯಾಗುತ್ತದೆ. ಉಂಡೆಗಳ ನಡುವೆ ಮುರಿದ ಚೂರುಗಳು, ಖಾಲಿ ಸಂದುಗಳು, ಅರ್ಧ ತುಂಬಿದ ಜೇಡಿ. ಡ್ರಿಲ್ ಬಿಟ್ ಹಾದುಹೋಗುವಾಗ ಗಟ್ಟಿ ಒಳಭಾಗ ಸಿಲಿಂಡರ್ ಆಗಿ ಪೈಪಿನೊಳಗೆ ಏರುತ್ತದೆ. ನಡುವಿನ ಪುಡಿ, ಕೊರೆಯುವ ನೀರಿನ ಜೊತೆ ಕೊಚ್ಚಿಹೋಗುತ್ತದೆ. ಹರಿವನ್ನು ಸಾಗಿಸುವುದು ಆ ನಡುವಿನ ಜಾಗವೇ. ಹಾಗಾಗಿ ಕೋರ್ ಪೆಟ್ಟಿಗೆಯಲ್ಲಿ ಇರುವುದು ನೆಲದ ನ್ಯಾಯವಾದ ಪಾಲಲ್ಲ. ಅದು ನೆಲದ ಅತಿ ಬಿಗಿಯಾದ ಪಾಲು, ಕೊರೆಯುವ ಕೆಲಸವೇ ಆರಿಸಿಕೊಟ್ಟದ್ದು.

ಇದಕ್ಕೆ ಬೇರೆ ಕಡೆಯಿಂದಲೂ ಸಾಕ್ಷಿ ಸಿಗುತ್ತದೆ. ಬೋರ್‌ಹೋಲ್‌ನೊಳಗೆ ದೊಡ್ಡ ಅಂತರದ ವಿದ್ಯುತ್ ನಿರೋಧ ಅಳೆದಾಗ, ಲಾವಾದ ಮೇಲ್ಭಾಗದ ಒಟ್ಟು ಸರಂಧ್ರತೆ ಶೇ. 10ಕ್ಕಿಂತ ಜಾಸ್ತಿ ಎಂದು ಬಂತು. ಅದೇ ಭಾಗದ ಕೋರ್ ಚೂರುಗಳು ಅದಕ್ಕಿಂತ ಕಡಿಮೆ ಹೇಳುತ್ತವೆ. ಆ ಉಳಿದ ಖಾಲಿ ಜಾಗ ಕೋರ್‌ನಲ್ಲಿ ಇಲ್ಲ, ನೆಲದಲ್ಲಿದೆ.

ಕೋರ್ ಬಾರದ ಜಾಗವನ್ನು ಖಾಲಿ ಬಿಡುವುದು ನನ್ನ ಪ್ರಕಾರ ಈ ಕೆಲಸದ ಅತಿ ದೊಡ್ಡ ಲೋಪ. ಕೊರೆಯುವ ಪ್ರತಿ ಓಟದಲ್ಲಿ ಎಷ್ಟು ಕೋರ್ ಬಂತು, ಬಿಟ್ ಎಲ್ಲಿ ಬೇಗ ಇಳಿಯಿತು, ಕೊರೆಯುವ ನೀರು ಎಲ್ಲಿ ವಾಪಸ್ ಬಾರದೆ ಮಾಯವಾಯಿತು, ಬೋರ್‌ಹೋಲ್‌ನ ವ್ಯಾಸ ಎಲ್ಲಿ ಹಿಗ್ಗಿದೆ, ಇವನ್ನೆಲ್ಲ ಪರ್ಮಿಯಬಿಲಿಟಿ ಗ್ರಾಫಿನ ಪಕ್ಕದಲ್ಲೇ ಹಾಕಬೇಕು. 100 ಮೀಟರ್ ಉದ್ದದಲ್ಲಿ ಒಂದೇ ಮೀಟರ್ ದಪ್ಪದ ಪದರ 10⁻¹² ಇದ್ದರೆ ಸಾಕು, ಇಡೀ 100 ಮೀಟರಿನ ಸರಾಸರಿ 10⁻¹⁴ ಆಗುತ್ತದೆ. ಆ ಒಂದು ಮೀಟರಿನ ಕೋರ್ ಬಹುಶಃ ಬಂದಿರುವುದೇ ಇಲ್ಲ.

ಆಳದಲ್ಲಿ ಎರಡು ಅಂಕಿಗಳು ಹತ್ತಿರವಾಗುವುದು

ಕೆಳಗೆ ಹೋದ ಹಾಗೆ ಅಂತರ ಕುಗ್ಗುತ್ತದೆ. ಲಾವಾ 571.5 ಮೀಟರ್ ದಪ್ಪ. ಅದರ ಕೆಳಗೆ ಲಾವಾ, ಡೈಕ್ ಎರಡೂ ಬೆರೆತ 209 ಮೀಟರ್ ಮಿಶ್ರ ವಲಯ, ಆಮೇಲೆ ಸಾವಿರ ಮೀಟರಿಗೂ ಹೆಚ್ಚು ಡೈಕ್‌ಗಳು. ಮಿಶ್ರ ವಲಯದಲ್ಲಿ ಒಂದು ಕಾಲಕ್ಕೆ ಬಿಸಿ ನೀರು ಮೇಲೇರಿ, ತಣ್ಣನೆ ನೀರಿಗೆ ಸೇರಿ, ಬಿರುಕುಗಳಲ್ಲಿ ಸಲ್ಫೈಡ್, ಕ್ವಾರ್ಟ್ಜ್, ಕ್ಲೋರೈಟ್ ಮೊದಲಾದ ಖನಿಜಗಳನ್ನು ತುಂಬಿಸಿತು. ಬಿರುಕು ಇದೆ, ಆದರೆ ಮುಚ್ಚಿದೆ. ಡೈಕ್‌ಗಳಲ್ಲಿ ಗುಳ್ಳೆ ಕಡಿಮೆ, ಮೇಲಿನ ಭಾರ ಜಾಸ್ತಿ. ಪ್ಯಾಕರ್‌ನ 10⁻¹⁷, ಕೋರ್‌ಗಳು ಕೊಡುವ ಅಂಕಿಗಳ ಮೇಲಿನ ತುದಿಯನ್ನು ಮುಟ್ಟುತ್ತದೆ. ಕೋರ್ ಅಳತೆ ಎಲ್ಲಿ ನೆಲದ ಅಂಕಿಗೆ ಹತ್ತಿರ ಬರಬಹುದು ಎಂಬುದಕ್ಕೆ ಇದು ಗುರುತು. ಬಿರುಕು ಮುಚ್ಚಿಹೋದಲ್ಲಿ ಕೋರ್‌ನ ಮಾತಿಗೆ ತೂಕ ಜಾಸ್ತಿ.

ಹಾಗಾದರೆ ಕೋರ್ ಅಳೆಯುವುದು ಬೇಡವೇ? ಖಂಡಿತ ಬೇಕು. ಬಿರುಕುಗಳ ನಡುವಿನ ಗಟ್ಟಿ ಕಲ್ಲಿಗೆ ನೀರು ಎಷ್ಟು ನಿಧಾನವಾಗಿ ಇಳಿಯುತ್ತದೆ, ಅಲ್ಲಿ ಖನಿಜಗಳು ಎಷ್ಟು ಬೇಗ ಬದಲಾಗುತ್ತವೆ, ಒತ್ತಡ ಒಳಗೆ ಎಷ್ಟು ಕಾಲ ಸಿಕ್ಕಿಕೊಂಡಿರುತ್ತದೆ, ಇವೆಲ್ಲಕ್ಕೂ ಉತ್ತರ 10⁻¹⁸ರಂಥ ಅಂಕಿಯಲ್ಲೇ ಇದೆ. ಪ್ಯಾಕರ್ ಅದನ್ನು ಹೇಳಲಾರದು. ಪ್ರಶ್ನೆ ಬೇರೆ, ಆದ್ದರಿಂದ ಅಂಕಿಯೂ ಬೇರೆ. ತೊಂದರೆ ಬರುವುದು ಪ್ಲಗ್‌ನ ಅಂಕಿಯನ್ನು ಎತ್ತಿ ಇಡೀ ನೆಲದ ಮಾದರಿಗೆ ಹಾಕಿದಾಗ.

ಕೋರ್‌ನ ವರದಿ ಬರೆಯುವವರಿಗೆ ಈ ಪ್ರಕರಣದಿಂದ ಒಂದು ಕೋರಿಕೆ. ಪ್ರತಿ ಅಂಕಿಯ ಜೊತೆ ಪ್ಲಗ್‌ನ ಗಾತ್ರ, ದಿಕ್ಕು, ಒಣಗಿಸಿದ ಬಗೆ, ಕೊಟ್ಟ ಒತ್ತಡ, ಹರಿಸಿದ್ದು ಅನಿಲವೋ ನೀರೋ, ಆ ಓಟದ ಕೋರ್ ಎಷ್ಟು ಬಂತು, ಮತ್ತು ಮುರಿದು ಪಕ್ಕಕ್ಕೆ ಹೋದ ಪ್ಲಗ್‌ಗಳು ಎಷ್ಟು ಎಂಬುದನ್ನು ಬರೆಯಿರಿ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಹತ್ತು ಪ್ಲಗ್‌ಗಳಲ್ಲಿ ನಾಲ್ಕು ಬಿರುಕಿನ ಗೆರೆಯಲ್ಲೇ ಮುರಿದವು ಎಂಬ ಒಂದು ಸಾಲು, ಉಳಿದ ಆರರ ಸರಾಸರಿಗಿಂತ ನೆಲದ ಬಗ್ಗೆ ಹೆಚ್ಚು ಹೇಳಬಹುದು.

1993ರಲ್ಲಿ 504ಬಿಯಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ 896ಎ ಎಂಬ ಇನ್ನೊಂದು ಬೋರ್‌ಹೋಲ್ ಕೊರೆದು, ಅದರಲ್ಲೂ ಪ್ಯಾಕರ್ ಇಳಿಸಿದರು. ಲಾವಾದ ಮೇಲ್ಭಾಗ ಅಲ್ಲೂ 10⁻¹⁴ರಿಂದ 10⁻¹³ರ ನಡುವೆಯೇ ಬಂತು. 504ಬಿಯ ಅಂಕಿ ಆ ಒಂದು ಜಾಗದ ಆಕಸ್ಮಿಕವಾಗಿರಲಿಲ್ಲ.